ಮಗುವನ್ನು ಒಂದೇ ಅಂಕೆಯಲ್ಲಿ ಅಳೆಯಬೇಡಿ

“ಮಗುವಿನ ಐಕ್ಯೂ 84.” ವರದಿಯಲ್ಲಿ ಹೀಗೊಂದು ಸಾಲು ಕಂಡರೆ ಯಾವ ತಾಯಿಯ ಎದೆ ಧಸಕ್ಕೆನ್ನದು? ಸರಾಸರಿ 100 ಅಂತೆ, ನನ್ನ ಮಗುವಿಗೆ ಅಷ್ಟೂ ಇಲ್ಲವಂತೆ! ಈ ಸುದ್ದಿ ನೆಂಟರಿಷ್ಟರ ಕಿವಿಗೂ ಬಿದ್ದರೆ ‘ದಡ್ಡ’ ಎಂಬ ಹಣೆಪಟ್ಟಿ ಅಂಟಲು ಹೆಚ್ಚು ದಿನ ಬೇಡ.

ಸಹೋದರಿಯರೇ, ಸ್ವಲ್ಪ ತಾಳಿ. ರಕ್ತದೊತ್ತಡ ಒಮ್ಮೆ ಹೆಚ್ಚು ಕಂಡರೆ ವೈದ್ಯರು ನಿಮ್ಮನ್ನು ಸ್ವಲ್ಪ ಹೊತ್ತು ಕೂರಿಸಿ ಮತ್ತೊಮ್ಮೆ ನೋಡುತ್ತಾರಲ್ಲವೇ? ಬುದ್ಧಿಯ ಅಳತೆಯೂ ಹಾಗೆಯೇ. ನಿದ್ದೆಗೆಟ್ಟಿರುವುದು, ಹಸಿವು, ಜ್ವರ, ಅಪರಿಚಿತರ ಮುಂದಿನ ಅಂಜಿಕೆ ಎಲ್ಲವೂ ಅಂಕವನ್ನು ಏರುಪೇರು ಮಾಡುತ್ತವೆ.

ಪರೀಕ್ಷೆಯೊಂದನ್ನು ‘ನಂಬಲರ್ಹ’ ಎನ್ನುವಾಗ ತಜ್ಞರು ಆಧರಿಸುವುದು ಹಲವಾರು ಮಕ್ಕಳ ಗುಂಪಿನ ಫಲಿತಾಂಶವನ್ನು. ಗುಂಪಿನಲ್ಲಿ ಒಬ್ಬರ ಏರಿಕೆ ಇನ್ನೊಬ್ಬರ ಇಳಿಕೆಯಿಂದ ಸರಿದೂಗುತ್ತದೆ. ಒಂದೇ ಮಗುವಿಗೆ ಆ ಅನುಕೂಲವಿಲ್ಲ. ವಿಶ್ವಾಸಾರ್ಹತೆ 0.90 ಇರುವ ಉತ್ತಮ ಪರೀಕ್ಷೆಯಲ್ಲೂ ಸುಮಾರು 5 ಅಂಕಗಳ ಪ್ರಮಾಣ ದೋಷವಿರುತ್ತದೆ. ಶೇ. 95ರಷ್ಟು ಭರವಸೆ ಬೇಕೆಂದರೆ ಆಚೀಚೆ 9 ಅಂಕ ಬಿಡಬೇಕು. ಅಂದರೆ 84 ಎಂಬುದನ್ನು ‘75ರಿಂದ 93ರೊಳಗೆ’ ಎಂದು ಓದಬೇಕು.

ಇಂತಹ ಪರೀಕ್ಷೆಯನ್ನು ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೊನ್ ಜೊತೆ 1905ರಲ್ಲಿ ಪ್ಯಾರಿಸ್‌ನಲ್ಲಿ ರೂಪಿಸಿದ್ದು, ಕಲಿಕೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಬುದ್ಧಿಯು ಎಂದೂ ಬದಲಾಗದು ಎಂಬ ವಾದವನ್ನು ಆತ ವಿರೋಧಿಸಿದ್ದ. ಆ ಪರಂಪರೆಯ ಪರೀಕ್ಷೆಯನ್ನು ವಿ.ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ‘ಬಿನೆ-ಕಾಮತ್’ ಹೆಸರಿನಲ್ಲಿ ಅದು ದಶಕಗಳಿಂದ ಬಳಕೆಯಾಗುತ್ತ ಬಂದಿದೆ.

ಹಾಗೆಂದು ಪರೀಕ್ಷೆಯೇ ಬೇಡವೆಂದಲ್ಲ. ನೆರವು ಬೇಕಾದ ಮಗುವಿಗೆ ಅದು ಬಾಗಿಲು ತೆರೆಯಬಹುದು. ಆದರೆ ವರದಿ ಕೈಗೆ ಬಂದಾಗ ಸಂಕೋಚವಿಲ್ಲದೆ ಇವನ್ನು ಕೇಳಿ:

* ಅಂಕೆಯೊಂದಿಗೆ ಅದರ ವ್ಯಾಪ್ತಿ ಎಷ್ಟು?
* ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು? ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಮಾತನಾಡುವ ಮಗುವಿಗೆ ಪ್ರಶ್ನೆ ಅರ್ಥವಾಗಿತ್ತೇ?
* ಕಣ್ಣು, ಕಿವಿಯ ತಪಾಸಣೆ ಆಗಿದೆಯೇ?
* ಉಡುವುದು, ಉಣ್ಣುವುದು, ಅಂಗಡಿಗೆ ಹೋಗಿ ಬರುವುದು ಮುಂತಾದ ದಿನನಿತ್ಯದ ಸಾಮರ್ಥ್ಯವನ್ನೂ ನೋಡಿದ್ದೀರಾ? ಬೌದ್ಧಿಕ ನ್ಯೂನತೆಯನ್ನು ಅಂಕೆಯೊಂದರಿಂದಲೇ ತೀರ್ಮಾನಿಸುವಂತಿಲ್ಲ.

ಅದೇ ಪರೀಕ್ಷೆಯನ್ನು ಬೆನ್ನುಬೆನ್ನಿಗೆ ಮಾಡಿಸಬೇಡಿ. ಅಭ್ಯಾಸಬಲದಿಂದಲೇ ಅಂಕ ಏರಿಬಿಡಬಹುದು.

ಅಳತೆ ಮತ್ತು ತೂಕದಲ್ಲಿ ನ್ಯಾಯ ಪಾಲಿಸಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ. ಆ ಎಚ್ಚರ ಅಂಗಡಿಯ ತಕ್ಕಡಿಗೆ ಮಾತ್ರ ಸಾಕೇ? ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತು. ಒಂದು ಬೆಳಗಿನ ಪರೀಕ್ಷೆಯನ್ನು ನಂಬಿ ಅವರ ಇಡೀ ಬದುಕಿಗೆ ಬೆಲೆ ಕಟ್ಟದಿರೋಣ.