ಎಣ್ಣೆ ಸೋರುವ ಇಂಜಿನ್ನು: ಮುಚ್ಚಳ ಮತ್ತು ಗ್ಯಾಸ್ಕೆಟ್ಟು ಬದಲಿಸುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣರಲ್ಲಿ ಕೆಲವರು ಮೋಟಾರು ಗ್ಯಾರೇಜುಗಳಲ್ಲಿ ಕೆಲಸಕ್ಕಿದ್ದಾರೆ. ಹಳೆಯ ಕಾರು ಕೈಗೆ ಬಂದಾಗ ಅವರು ಮೊದಲು ಕೇಳುವ ದೂರು ಎಣ್ಣೆ ಸೋರುವುದು. ‘ನಟ್ಟನ್ನು ಇನ್ನಷ್ಟು ಬಿಗಿ’ ಎಂಬ ಅಪ್ಪಣೆ ತಕ್ಷಣ ಬರುತ್ತದೆ. ಆದರೆ ಅನೇಕ ಸಲ ಆ ಬಿಗಿತವೇ ಸೋರಿಕೆಗೆ ಕಾರಣ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು. ಪಾನಾ ಹಿಡಿಯುವುದು ನಮ್ಮ ಕಸುಬಲ್ಲ. ಆದರೂ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಒಂದು ಕಾರಿನ ಉದಾಹರಣೆಯಿಂದ ವಿವರಿಸುತ್ತೇವೆ.

ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾಯಿತು. ಅದರ ನಾಲ್ಕು ಸಿಲಿಂಡರಿನ ಇಂಜಿನ್ನು 1798 ಸಿ.ಸಿ.ಯದು. ನಮ್ಮ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಓಡಿದ 1489 ಸಿ.ಸಿ. ಪೆಟ್ರೋಲ್ ಇಂಜಿನ್ನೂ ಇದೇ ‘ಬಿ-ಸೀರೀಸ್’ ವಂಶದ್ದು. ಆದ್ದರಿಂದ ಅಂಬಾಸಡರ್ ಬಿಚ್ಚಿದವರಿಗೆ ಇದು ತೀರ ಅಪರಿಚಿತವಲ್ಲ.

ಎರಡು ಲೋಹದ ಮುಖಗಳನ್ನು ಎಷ್ಟು ಒತ್ತಿ ಕೂಡಿಸಿದರೂ ನಡುವೆ ಸಣ್ಣ ಸಂದು ಉಳಿಯುತ್ತದೆ. ಆ ಸಂದನ್ನು ತುಂಬುವ ಮೆತ್ತನೆಯ ಪಟ್ಟಿಯೇ ಗ್ಯಾಸ್ಕೆಟ್ಟು. ಈ ಇಂಜಿನ್ನಿನ ತಲೆಯ ಮೇಲೆ ರಾಕರ್ ಮುಚ್ಚಳವಿದೆ. ಎಡ ಮಗ್ಗುಲಲ್ಲಿ ಎರಡು ಟ್ಯಾಪೆಟ್ ಮುಚ್ಚಳಗಳಿವೆ. ಮುಂದುಗಡೆ ಚೈನನ್ನು ಮುಚ್ಚುವ ಟೈಮಿಂಗ್ ಮುಚ್ಚಳವಿದೆ. ಮೊದಲಿನ ಮೂರಕ್ಕೂ ಸಾಮಾನ್ಯವಾಗಿ ಕಾರ್ಕಿನ ಗ್ಯಾಸ್ಕೆಟ್ಟು, ಅಂದರೆ ಸೀಸೆಯ ಬಿರಡೆಗೆ ಬಳಸುವ ಬೆಂಡಿನದೇ ಪಟ್ಟಿ. ವರ್ಷಗಟ್ಟಲೆ ಶಾಖ ತಿಂದು ಅದು ಗಡುಸಾಗಿ ಬಿರಿಯುತ್ತದೆ.

ಮೊದಲು ಸೋರಿಕೆಯ ಜಾಗವನ್ನು ಹುಡುಕಬೇಕು. ಎಣ್ಣೆ ಕೆಳಕ್ಕೆ ಇಳಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದಕಾರಣ ಹನಿ ಬಿದ್ದ ಜಾಗವನ್ನು ನಂಬಬಾರದು. ಇಂಜಿನ್ನನ್ನು ಚೆನ್ನಾಗಿ ತೊಳೆದು ಒರೆಸಿ, ಸ್ವಲ್ಪ ಓಡಿಸಿ, ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗ ಯಾವುದೆಂದು ನೋಡಬೇಕು. ಹಿಂದಿನ ಟ್ಯಾಪೆಟ್ ಮುಚ್ಚಳ ಸೋರಿದರೆ ಎಣ್ಣೆ ಇಂಜಿನ್ನಿನ ಬೆನ್ನಿಗೆ ಹರಿದು, ಕ್ರ್ಯಾಂಕಿನ ಹಿಂಬದಿಯೇ ಸೋರುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆಗ ಒಂದು ಪಟ್ಟಿಯಲ್ಲಿ ಮುಗಿಯುವ ಕೆಲಸಕ್ಕೆ ಇಂಜಿನ್ನನ್ನೇ ಹೊರಕ್ಕೆ ಎತ್ತುವ ಖರ್ಚು ಬೀಳುತ್ತದೆ.

ರಾಕರ್ ಮುಚ್ಚಳಕ್ಕೆ ಎರಡೇ ನಟ್ಟು, ಬಿಚ್ಚುವುದು ಸುಲಭ. ಟ್ಯಾಪೆಟ್ ಮುಚ್ಚಳಗಳು ಕಾರ್ಬ್ಯುರೇಟರು, ಮ್ಯಾನಿಫೋಲ್ಡುಗಳ ಹಿಂದೆ ಅಡಗಿವೆ. ಅವನ್ನು ಕಳಚಿದರೆ ಕೈ ಸಲೀಸಾಗಿ ಆಡುತ್ತದೆ. ಪೆಟ್ರೋಲು ಚೆಲ್ಲುವ ಕೆಲಸವಾದ್ದರಿಂದ ಇಂಜಿನ್ನು ತಣ್ಣಗಿರಲಿ, ಬ್ಯಾಟರಿಯ ತಂತಿ ಬಿಚ್ಚಿರಲಿ, ಬೀಡಿ ದೂರವಿರಲಿ. ಹಳೆಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಅದನ್ನು ಒಣದಾಗಿ ಕೆರೆಯಬೇಡಿ, ಊದಬೇಡಿ. ನೀರಿನಲ್ಲಿ ನೆನೆಸಿ ತೆಗೆಯಿರಿ. ಧಣಿ ಅವಸರ ಮಾಡಿದರೂ ಇದನ್ನು ಬಿಡಬೇಡಿ.

ಮುಚ್ಚಳ ಕೈಗೆ ಬಂದ ಮೇಲೆ ಹಳೆಯ ಕಾರ್ಕನ್ನೂ ಅಂಟನ್ನೂ ಪೂರ್ತಿ ತೆಗೆಯಬೇಕು. ಚೂರು ಇಂಜಿನ್ನಿನೊಳಗೆ ಬೀಳದಂತೆ ಬಟ್ಟೆ ಮುಚ್ಚಿರಬೇಕು. ಬಳಿಕ ಮುಚ್ಚಳವನ್ನು ಗಾಜಿನ ಹಲಗೆಯ ಮೇಲೆ ಬೋರಲಿಟ್ಟು ನೋಡಿ. ಅಲುಗಾಡಿದರೆ ಅಂಚು ಸೊಟ್ಟಗಾಗಿದೆ ಎಂದರ್ಥ. ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ಬಡಿದು ನೇರ ಮಾಡಬಹುದು. ಆಗದಿದ್ದರೆ ಹೊಸದೇ ಬೇಕು. ಹೊಸ ಕಾರ್ಕು ಅಂಗಡಿಯಲ್ಲೇ ಒಣಗಿ ಕುಗ್ಗಿದ್ದರೆ ಸ್ವಲ್ಪ ಹೊತ್ತು ಬೆಚ್ಚನೆಯ ನೀರಿನಲ್ಲಿಡಿ, ಬಳುಕುತ್ತದೆ, ಒರೆಸಿ ಬಳಸಿ. ರಾಕರ್ ಮುಚ್ಚಳದ ಕಡೆಗೆ ಮಾತ್ರ ತೆಳುವಾಗಿ ಅಂಟು ಹಚ್ಚಿ, ಇನ್ನೊಂದು ಮುಖಕ್ಕೆ ಗ್ರೀಸು ಸವರಿದರೆ ಮುಂದಿನ ಸಲ ಹರಿಯದೆ ಬರುತ್ತದೆ. ಟೈಮಿಂಗ್ ಮುಚ್ಚಳ ಹಾಕುವಾಗ ಮೊದಲು ಪುಲ್ಲಿಯನ್ನು ಕೂರಿಸಿ ಸೀಲನ್ನು ನಡುಮಧ್ಯಕ್ಕೆ ತಂದು, ಆಮೇಲೆ ಬೋಲ್ಟು ಬಿಗಿಯಬೇಕು.

ಈಗ ಬಿಗಿತದ ಮಾತು. ಈ ಇಂಜಿನ್ನಿನ ಸಿಲಿಂಡರ್ ಹೆಡ್ಡಿನ ನಟ್ಟಿಗೆ 45ರಿಂದ 50 ಪೌಂಡು-ಅಡಿ ಬಲ ಬೇಕು. ರಾಕರ್ ಮುಚ್ಚಳಕ್ಕೆ 4, ಟ್ಯಾಪೆಟ್ ಮುಚ್ಚಳಕ್ಕೆ ಬರೀ 2! ಟ್ಯಾಪೆಟ್ ಮುಚ್ಚಳಕ್ಕೆ ನಡುವೆ ಒಂದೇ ಬೋಲ್ಟು. ತೋಳಬಲ ತೋರಿಸಿದರೆ ನಡುಭಾಗ ತಟ್ಟೆಯಂತೆ ತಗ್ಗಿ ಅಂಚು ಏಳುತ್ತದೆ, ಕಾರ್ಕು ಹಿಂಡಿ ಹೊರಬರುತ್ತದೆ. ಸೋರಿತೆಂದು ಮತ್ತೆ ಬಿಗಿದರೆ ಇನ್ನೂ ಹೆಚ್ಚು ಸೋರುತ್ತದೆ.

ಹೊಸ ಗ್ಯಾಸ್ಕೆಟ್ಟೂ ಸೋರುವುದಾದರೆ ಮುಂದಿನ ಟ್ಯಾಪೆಟ್ ಮುಚ್ಚಳಕ್ಕೆ ಕೂಡಿದ ಉಸಿರುಕೊಳವೆಯನ್ನು ನೋಡಿ. ಅದು ಕಟ್ಟಿಕೊಂಡರೆ ಒಳಗಿನ ಹೊಗೆಗೆ ದಾರಿಯಿಲ್ಲದೆ ಒತ್ತಡ ಏರಿ, ಸಿಕ್ಕ ಸಂದಿನಿಂದ ಎಣ್ಣೆಯನ್ನು ನೂಕುತ್ತದೆ.

ಎಣ್ಣೆಯ ಬೆಲೆಗಿಂತ ದೊಡ್ಡ ಭಯ ಬೆಂಕಿಯದು. ರಾಕರ್ ಮುಚ್ಚಳದ ಎಡ ಅಂಚಿನ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ. ಅಲ್ಲಿ ಬಿದ್ದ ಎಣ್ಣೆ ಹೊಗೆಯಾಡುತ್ತದೆ, ಹೊತ್ತಿಕೊಳ್ಳಲೂಬಹುದು. ಆದ್ದರಿಂದ ಕೆಲಸ ಮುಗಿದ ಮೇಲೆ ಇಂಜಿನ್ನನ್ನು ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಕೆಳಗೆ ಒಂದು ರಟ್ಟು ಹಾಸಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಆ ರಟ್ಟು ಒಣಗಿದ್ದರೆ ಗಾಡಿಯನ್ನು ಒಡೆಯನಿಗೆ ಧೈರ್ಯವಾಗಿ ಒಪ್ಪಿಸಬಹುದು.