ಕೋಲಾರದಿಂದ ಟೋಕಿಯೊಗೆ: ಓಟಗಾರ ಕೆನೆತ್ ಪೊವೆಲ್

ಬೇರಿಕೆಯಿಂದ ರಾಜ್ಯದ ಗಡಿ ದೂರವಿಲ್ಲ. ಗಡಿ ದಾಟಿದರೆ ಮಾಲೂರು, ಅದರಾಚೆಗೆ ಕೋಲಾರ. ಸಂತೆಗೆಂದು, ಮದುವೆ-ಮುಂಜಿಗೆಂದು, ನೆಂಟರ ಮನೆಗೆಂದು ನಮ್ಮವರು ಓಡಾಡುವ ನೆಲವದು. ಆ ಕೋಲಾರದಲ್ಲಿ ಹುಟ್ಟಿದ ಓಟಗಾರರೊಬ್ಬರು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಓಡಿದ್ದರು ಎಂದರೆ ನಮ್ಮ ಶಾಲೆಯ ಮಕ್ಕಳು ಅಚ್ಚರಿಪಡುತ್ತಾರೆ. ಮಕ್ಕಳಿಗೆ ಹೇಳಿಕೊಡಬೇಕಾದ ನಮಗೇ ಈ ಸಂಗತಿ ಬಹುಕಾಲ ತಿಳಿದಿರಲಿಲ್ಲ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ. ಅವರ ಹೆಸರು ಕೆನೆತ್ ಲಾರೆನ್ಸ್ ಪೊವೆಲ್.

ಪೊವೆಲ್ ಅವರು ಹುಟ್ಟಿದ್ದು 1940ರ ಏಪ್ರಿಲ್ 20ರಂದು. ಎಳೆಯ ವಯಸ್ಸಿನಲ್ಲೇ ಬೆಂಗಳೂರಿಗೆ ತೆರಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅವರ ಕ್ರೀಡಾಜೀವನವನ್ನು ಅರಿಯಲು ಈ ನೌಕರಿಯ ಮಹತ್ವವನ್ನು ಮೊದಲು ಅರಿಯಬೇಕು. ಅಂದಿನ ಒಲಿಂಪಿಕ್ಸ್ ಹವ್ಯಾಸಿಗಳ ಕೂಟವಾಗಿತ್ತು. ಓಟದಿಂದ ಹಣ ಗಳಿಸಿದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾದರೆ ಬಡ ಹಾಗೂ ಮಧ್ಯಮ ವರ್ಗದ ಯುವಕರು ಓಡುವುದಾದರೂ ಹೇಗೆ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರವಾದವು ಸೇನೆ, ಪೊಲೀಸು, ರೈಲ್ವೆ ಮತ್ತು ಸಾರ್ವಜನಿಕ ಉದ್ಯಮಗಳು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟೆಲಿಫೋನ್ ಕಾರ್ಖಾನೆ ಅಂಥ ಉದ್ಯಮಗಳಲ್ಲೊಂದು. ತಿಂಗಳ ಸಂಬಳ ಖಚಿತವಾದರೆ ಬೆಳಗು-ಸಂಜೆಯ ಅಭ್ಯಾಸಕ್ಕೆ ಮನಸ್ಸು ನಿಲ್ಲುತ್ತದೆ. ಕಾಲಿನ ಬಲ ಹುಟ್ಟಿನಿಂದ ಬಂದಿರಬಹುದು. ಆದರೆ ಅದನ್ನು ಹತ್ತು ವರ್ಷ ಕಾಪಾಡಿಕೊಳ್ಳಲು ಅನ್ನದ ಆಧಾರ ಬೇಕು.

ಪೊವೆಲ್ ಅವರದು ಅಲ್ಪದೂರದ ವೇಗದ ಓಟ. ಟೋಕಿಯೊದಲ್ಲಿ ವೈಯಕ್ತಿಕ ಸ್ಪರ್ಧೆಯ ಅಂತಿಮ ಸುತ್ತು ಅವರಿಗೆ ದಕ್ಕಲಿಲ್ಲ. ಆದರೆ 4x100 ಮೀಟರ್ ರಿಲೇಯಲ್ಲಿ ಭಾರತ ತಂಡ ಉಪಾಂತ್ಯವನ್ನು ತಲುಪಿತು. ಆ ತಂಡದಲ್ಲಿದ್ದವರು ಆಂಥೋನಿ ಕುಟಿನ್ಹೊ, ಪಂಜಾಬಿನ ಮಖನ್ ಸಿಂಗ್, ಕೋಲಾರದ ಪೊವೆಲ್ ಮತ್ತು ಮದ್ರಾಸಿನ ರಾಜಶೇಖರನ್. ಅಂದು ಓಡಿದ್ದು ಇಂದಿನಂಥ ಕೃತಕ ಹಾಸಿನ ಮೇಲಲ್ಲ, ಕಿಟ್ಟದ ಪುಡಿಯನ್ನು ಹಾಸಿ ಗಟ್ಟಿಮಾಡಿದ ಪಥದ ಮೇಲೆ. ಅಂಥ ಪಥದಲ್ಲಿ ನಡೆದ ಕೊನೆಯ ಒಲಿಂಪಿಕ್ಸ್ ಅದು. 1968ರ ಮೆಕ್ಸಿಕೊ ಕೂಟದಿಂದ ಕೃತಕ ಪಥ ಬಂದಿತು. ಟೋಕಿಯೊದ ರಿಲೇಯಲ್ಲಿ ಚಿನ್ನ ಗೆದ್ದ ಅಮೆರಿಕ ತೆಗೆದುಕೊಂಡ ಸಮಯ 39.06 ಸೆಕೆಂಡು. ಅದು ಅಂದಿನ ವಿಶ್ವದಾಖಲೆ.

ರಿಲೇ ಎಂದರೆ ನಾಲ್ವರ ವೇಗವನ್ನು ಕೂಡಿಸಿದ ಮೊತ್ತ ಮಾತ್ರವಲ್ಲ. ಕೋಲು ಕೈಯಿಂದ ಕೈಗೆ ಹೋಗುವ ಗಳಿಗೆಯೇ ಅದರ ಮರ್ಮ. ಅಂದಿನ ನಿಯಮದಂತೆ 20 ಮೀಟರ್ ಉದ್ದದ ವಲಯದೊಳಗೆ ಕೋಲು ಕೈ ಬದಲಾಯಿಸಬೇಕಿತ್ತು. ಇಂದು ಆ ವಲಯ 30 ಮೀಟರ್. ಮುಂದೆ ನಿಂತವನು ಹಿಂದಿನವನು ಗುರುತಿಟ್ಟ ಜಾಗಕ್ಕೆ ಬಂದೊಡನೆ ಓಟ ಆರಂಭಿಸುತ್ತಾನೆ. ಆಮೇಲೆ ತಿರುಗಿ ನೋಡುವುದಿಲ್ಲ. ಕೈಯನ್ನಷ್ಟೇ ಹಿಂದಕ್ಕೆ ಚಾಚುತ್ತಾನೆ. ಕೋಲು ಅಂಗೈಗೆ ಬಂದೇ ಬರುತ್ತದೆ ಎಂಬ ನಂಬಿಕೆಯಿಂದ ಪೂರ್ಣ ವೇಗದಲ್ಲಿ ಓಡುತ್ತಾನೆ. ನಂಬದೆ ತಿರುಗಿದವನ ವೇಗ ಅಲ್ಲಿಯೇ ಕುಗ್ಗುತ್ತದೆ.

ಗಡಿನಾಡಿನ ನಮಗೆ ಈ ತಂಡದಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಪೊವೆಲ್ ಅವರದು ಅಂದಿನ ಮೈಸೂರು ರಾಜ್ಯ, ರಾಜಶೇಖರನ್ ಅವರದು ಅಂದಿನ ಮದ್ರಾಸು ರಾಜ್ಯ. ದೇಶದೊಳಗಿನ ಕೂಟಗಳಲ್ಲಿ ಅವರಿಬ್ಬರೂ ಎದುರಾಳಿಗಳು. ಟೋಕಿಯೊದಲ್ಲಿ ಇಬ್ಬರೂ ಓಡಿದ್ದು ಒಂದೇ ಕೋಲಿಗಾಗಿ. ಎದುರಾಳಿಯಿದ್ದುದರಿಂದಲೇ ಇಬ್ಬರ ಓಟಕ್ಕೂ ಹರಿತ ಬಂದಿತೆಂದು ನಾವು ಭಾವಿಸುತ್ತೇವೆ. 1969ರಲ್ಲಿ ಮದ್ರಾಸು ತಮಿಳುನಾಡಾಯಿತು, 1973ರಲ್ಲಿ ಮೈಸೂರು ಕರ್ನಾಟಕವಾಯಿತು. ರಾಜ್ಯಗಳ ಹೆಸರುಗಳು ಬದಲಾದವು, ಆ ಓಟ ದಾಖಲೆಯಲ್ಲಿ ಹಾಗೆಯೇ ಉಳಿಯಿತು.

1965ರಲ್ಲಿ ಪೊವೆಲ್ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ವೇಗದ ಓಟಗಾರರ ಕಾಲ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಅವರು ಓಟ ನಿಲ್ಲಿಸಲಿಲ್ಲ. ಮೂವತ್ತರ ವಯಸ್ಸಿನಲ್ಲಿ, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಕಂಚಿನ ಪದಕ ಪಡೆದ ಭಾರತ ತಂಡದಲ್ಲಿ ಅವರಿದ್ದರು. ಟೋಕಿಯೊದಿಂದ ಬರಿಗೈಯಲ್ಲಿ ಮರಳಿದವರಿಗೆ ಆರು ವರ್ಷಗಳ ಅನಂತರ ದೊರೆತ ಪದಕವಿದು. 2022ರ ಡಿಸೆಂಬರ್ 11ರಂದು ತಮ್ಮ 82ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಅವರು ನಿಧನರಾದರು.

ಇದನ್ನೆಲ್ಲ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಶಾಲೆಯ ವೇಳಾಪಟ್ಟಿ. ಪರೀಕ್ಷೆ ಹತ್ತಿರವಾದಂತೆ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ತೆಗೆದುಕೊಳ್ಳುವ ವಾಡಿಕೆ ನಮ್ಮಲ್ಲಿದೆ. ನಾವೂ ಹಾಗೆ ಮಾಡಿದವರೇ. ಹತ್ತನೆಯ ತರಗತಿ ದಾಟಿದೊಡನೆ ಚೆನ್ನಾಗಿ ಓಡುತ್ತಿದ್ದ ಹುಡುಗಿಯರು ಮೈದಾನದಿಂದ ಮರೆಯಾಗುವುದನ್ನೂ ಕಂಡಿದ್ದೇವೆ. ಭಾಷಾ ಅಲ್ಪಸಂಖ್ಯಾತರ ಶಾಲೆಗಳಲ್ಲಿ ಇರುವ ಕೆಲವೇ ಶಿಕ್ಷಕರಿಗೆ ಪಾಠ ಮುಗಿಸುವುದೇ ಸಾಹಸವಾಗಿರುವಾಗ ಓಟದ ಮಾತು ಅಧಿಕವೆನಿಸಬಹುದು. ಆದರೂ ಪೊವೆಲ್ ಅವರ ಜೀವನ ತಿಳಿಸುವ ಸಂಗತಿ ಸರಳವಾಗಿದೆ: ಓಡುವ ಮಗುವಿಗೆ ಮೊದಲು ಬೇಕಾದದ್ದು ಹೊಗಳಿಕೆಯಲ್ಲ. ಅಭ್ಯಾಸಕ್ಕೆ ಹೊತ್ತು, ಜೊತೆಗೆ ಓಡುವ ಸರಿಸಾಟಿ, ಮುಂದೆ ಬದುಕಿಗೊಂದು ಆಧಾರ, ಈ ಮೂರು ಬೇಕು. ಮೂರನೆಯದನ್ನು ಕೊಡುವುದು ನಮ್ಮ ಕೈಯಲ್ಲಿಲ್ಲ. ಮೊದಲಿನ ಎರಡನ್ನು ಯಾವ ಹಳ್ಳಿಯ ಶಾಲೆಯೂ ಕೊಡಬಲ್ಲದು.

ನಮ್ಮ ಮೈದಾನದಲ್ಲಿ ರಿಲೇ ನಡೆದಾಗ ಮಕ್ಕಳು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗುತ್ತಾರೆ. ಓಡುವವರಿಗೆ ಮೂರೂ ಅರ್ಥವಾಗುತ್ತವೆ. ಆಟದ ಅವಧಿಯನ್ನು ಈ ವರ್ಷವಾದರೂ ಆಟಕ್ಕೇ ಬಿಡೋಣ.