ಗೋವಾಕ್ಕೆ ಹೋಗೋರು ಕಾರವಾರದಲ್ಲಿ ಚಹಾ ಕುಡೀತಾರೆ, ಪಣಜಿಯ ಗಲ್ಲಿಯಲ್ಲಿ ಎರಡು ರಾತ್ರಿ ಇರ್ತಾರೆ: ಯಾಕೆ?

ಕಾರವಾರ: ಶನಿವಾರ ಬೆಳಿಗ್ಗೆ ಹೆದ್ದಾರಿ ಬದಿಯ ಹೋಟೆಲುಗಳ ಎದುರು ಬೆಂಗಳೂರು, ಶಿವಮೊಗ್ಗ, ಮಂಗಳೂರು ಕಡೆಯ ಕಾರುಗಳು ಸಾಲಾಗಿ ನಿಲ್ಲುತ್ತವೆ. ಒಂದು ಚಹಾ, ಒಂದು ಪ್ಲೇಟ್ ಬನ್ಸ್, ಶೌಚಾಲಯ ಎಲ್ಲಿದೆ ಅಂತ ಒಂದು ಪ್ರಶ್ನೆ. ಕಾಲು ಗಂಟೆಯಲ್ಲಿ ಕಾರು ಕಾಳಿ ಸೇತುವೆ ದಾಟಿ ಹೋಗಿರುತ್ತದೆ. ಅದೇ ಕಾರು ಸುಮಾರು ನೂರು ಕಿ.ಮೀ. ಆಚೆ ಪಣಜಿಯಲ್ಲಿ ಸೋಮವಾರ ಬೆಳಿಗ್ಗೆವರೆಗೆ ನಿಂತಿರುತ್ತದೆ.

ಅಲ್ಲಿ ಕಡಲಿದೆ, ಕ್ಯಾಸಿನೊ ಇದೆ, ಮದ್ಯ ಅಗ್ಗ ಅಂತ ಹೇಳಿ ಮಾತು ಮುಗಿಸಬಹುದು. ಆದರೆ ಪಣಜಿಯ ಫೊಂಟೈನ್ಹಾಸ್ ಅನ್ನೋ ಓಣಿಯಲ್ಲಿ ಕಡಲೂ ಇಲ್ಲ, ಕ್ಯಾಸಿನೊವೂ ಇಲ್ಲ. ಇರೋದು ಹಳೇ ಮನೆ, ಇಕ್ಕಟ್ಟು ರಸ್ತೆ, ಕೆಲವು ಊಟದ ಜಾಗ. ಆದರೂ ಜನ ದುಡ್ಡು ಕೊಟ್ಟು ಅಲ್ಲೇ ಉಳೀತಾರೆ. ಆ ಓಣಿಯ ವ್ಯಾಪಾರ ಹೇಗೆ ನಡೆಯುತ್ತದೆ ಅನ್ನೋದು ನಮ್ಮ ಜಿಲ್ಲೆಯ ಅಂಗಡಿಯವರಿಗೂ ತಿಳಿದಿರಬೇಕಾದ ವಿಷಯ.

ಓಣಿ ಎಲ್ಲಿದೆ?

ಪಣಜಿಯ ಕದಂಬ ಬಸ್ ನಿಲ್ದಾಣದಿಂದ ಊರೆಂ ತೊರೆ ದಾಟಿದರೆ ಫೊಂಟೈನ್ಹಾಸ್. ಒಂದು ಕಡೆ ತೊರೆ, ಇನ್ನೊಂದು ಕಡೆ ಆಲ್ತಿನೊ ಗುಡ್ಡ. ಗುಡ್ಡದ ಬುಡದ ನೀರಿನ ಒರತೆಯಿಂದಲೇ ಓಣಿಗೆ ಈ ಹೆಸರು ಬಂತು. 1843ರಲ್ಲಿ ಪೋರ್ಚುಗೀಸರು ಪಣಜಿಯನ್ನು ರಾಜಧಾನಿ ಮಾಡಿದ ಮೇಲೆ ಊರು ಬೆಳೆಯಿತು. ಇಲ್ಲಿನ ಮುಖ್ಯ ರಸ್ತೆಯ ಹೆಸರು 31 ಜನವರಿ ರಸ್ತೆ. 1891ರಲ್ಲಿ ಪೋರ್ಚುಗಲ್‌ನ ಪೋರ್ತೊ ನಗರದಲ್ಲಿ ರಾಜನ ವಿರುದ್ಧ ಎದ್ದ ದಂಗೆಯ ದಿನ ಅದು. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾದರೂ ರಸ್ತೆಯ ಹೆಸರು ಹಾಗೇ ಉಳಿಯಿತು.

ಮನೆಗಳು ಹಳದಿ, ನೀಲಿ, ಕೆಂಪು. ಎದುರಿಗೆ ಸಣ್ಣ ಬಾಲ್ಕನಿ, ಮೇಲೆ ಹಂಚಿನ ಮಾಡು. ನಮ್ಮ ಕರಾವಳಿಯ ಮನೆಗೂ ಇದಕ್ಕೂ ಬಹಳ ದೂರ ಏನಿಲ್ಲ, ಗೋವಾದ ಎಷ್ಟೋ ಹಳೇ ಮನೆಗಳ ಮೇಲೆ ಇರೋದು ಮಂಗಳೂರು ಹಂಚೇ. ಮಳೆಗಾಲ ಮುಗಿದ ಮೇಲೆ ಗೋಡೆಗೆ ಬಣ್ಣ ಹೊಡೆಯೋ ರೂಢಿ ಪೋರ್ಚುಗೀಸರ ಕಾಲದ್ದು ಅಂತ ಅಲ್ಲಿಯವರು ಹೇಳ್ತಾರೆ. ಓಣಿಯನ್ನು ಸಂರಕ್ಷಣಾ ವಲಯ ಅಂತ ಗುರುತಿಸಿರುವುದರಿಂದ ಮನೆ ಕೆಡವಿ ಐದು ಮಹಡಿ ಎಬ್ಬಿಸೋದು ಸುಲಭ ಅಲ್ಲ.

ಬೂಟಿಕ್ ಹೋಟೆಲ್ ಅಂದರೆ ಏನು?

ಬೂಟಿಕ್ ಅಂದ ಕೂಡಲೇ ಬಟ್ಟೆ ಅಂಗಡಿ ನೆನಪಾಗುತ್ತದೆ. ಹೋಟೆಲ್ ವಿಷಯದಲ್ಲಿ ಅರ್ಥ ಬೇರೆ. ಕೋಣೆಗಳು ಕಡಿಮೆ, ಒಂದರ ಹಾಗೆ ಇನ್ನೊಂದಿಲ್ಲ, ಜಾಗಕ್ಕೆ ಅದರದ್ದೇ ಒಂದು ಕಥೆ ಇದೆ. ಎಷ್ಟು ಸ್ಟಾರ್ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈಜುಕೊಳ, ಲಿಫ್ಟ್ ಇಲ್ಲದಿದ್ದರೂ ನಡೆಯುತ್ತದೆ.

ಫೊಂಟೈನ್ಹಾಸ್‌ನಲ್ಲಿ ಇದಕ್ಕೆ ದಾರಿ ತೋರಿಸಿದ್ದು ಪಂಜಿಮ್ ಇನ್. 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಮನೆ ಅದು. 1980ರ ದಶಕದಲ್ಲಿ ಮನೆತನದವರೇ ಅದನ್ನು ವಸತಿಗೃಹ ಮಾಡಿದರು. ಕೆತ್ತನೆಯ ಹಳೇ ಮಂಚ, ಮರದ ಕಪಾಟು, ರಸ್ತೆ ಕಾಣುವ ಜಗಲಿ. ಹಳೇ ಮನೆ ಮಾರಿ ಫ್ಲ್ಯಾಟ್ ತಗೊಳ್ಳೋಣ ಅನ್ನೋ ಕಾಲದಲ್ಲಿ ಹಳೇದನ್ನೇ ಬಂಡವಾಳ ಮಾಡಿಕೊಂಡರು. ಆಮೇಲೆ ಅದೇ ಬಳಗಕ್ಕೆ ಇನ್ನೆರಡು ಕಟ್ಟಡ ಸೇರಿದವು. ಪಂಜಿಮ್ ಪೌಸಾದ ಒಳಗೆ ಅಂಗಳ ಇರುವ ಹಿಂದೂ ಮನೆ. ಪಂಜಿಮ್ ಪೀಪಲ್ಸ್ ಮೊದಲು ಶಾಲೆಯಾಗಿದ್ದ ಕಟ್ಟಡ.

ಹತ್ತು ನಿಮಿಷ ನಡೆದರೆ ಊಟ

ಸಣ್ಣ ವಸತಿಗೃಹದಲ್ಲಿ ಬೆಳಗಿನ ತಿಂಡಿ ಸಿಗುತ್ತದೆ. ಆದರೆ ಮೂರು ಹೊತ್ತೂ ಅಲ್ಲೇ ತಿನ್ನಬೇಕು ಅಂತ ಯಾರಿಗೂ ಅನ್ನಿಸೋದಿಲ್ಲ, ಯಾಕೆಂದರೆ ಹೊರಗೆ ಕಾಲಿಟ್ಟರೆ ಊಟ ಇದೆ.

ಅಲ್ಲೇ ಒಂದು ಗಲ್ಲಿಯ ಹಳೇ ಮನೆಯಲ್ಲಿ ವಿವಾ ಪಂಜಿಮ್ ನಡೆಯುತ್ತದೆ. ಶಾಕುತಿ, ಕಾಫ್ರೆಲ್, ರೆಶಾದ್ ಮಸಾಲೆ ತುಂಬಿದ ಬಾಂಗಡೆ, ಕೊನೆಗೆ ಪದರ ಪದರದ ಬೆಬಿಂಕ: ಇವನ್ನು ಹುಡುಕಿಕೊಂಡು ದೇಶ ವಿದೇಶದ ಜನ ಬರುತ್ತಾರೆ. ತೊರೆಯ ಕಡೆಯ ರಸ್ತೆಯಲ್ಲಿ ಹಾರ್ಸ್ ಶೂ ಇದೆ, ಗೋವಾ ಮತ್ತು ಪೋರ್ಚುಗೀಸ್ ಅಡುಗೆಗೆ ಹೆಸರು. ಕೈಕಾಲು ಚಾಚಲು ಜಾಗ ಇಲ್ಲದ ಜೋಸೆಫ್ ಬಾರ್‌ಗೆ ಬಂದವರು ಗ್ಲಾಸ್ ಹಿಡಿದು ರಸ್ತೆ ಬದಿಯಲ್ಲೇ ನಿಲ್ಲುತ್ತಾರೆ. ರಸ್ತೆಯ ಹೆಸರನ್ನೇ ಇಟ್ಟುಕೊಂಡ 31 ದ ಜನೇರೊ ಬೇಕರಿ ಅಲ್ಲಿನ ಹಳೇ ಬೇಕರಿಗಳಲ್ಲೊಂದು.

ಇನ್ನೂ ಸ್ವಲ್ಪ ನಡೆದು ಪೇಟೆಗೆ ಬಂದರೆ ಕೆಫೆ ಟಾಟೊದಲ್ಲಿ ಭಾಜಿ ಪಾವ್, ರಿಟ್ಜ್ ಕ್ಲಾಸಿಕ್‌ನಲ್ಲಿ ಮೀನಿನ ಥಾಲಿ. ಮೀನಿನ ಥಾಲಿ ಕಾರವಾರದವರಿಗೆ ಹೊಸದೇನಲ್ಲ. ಬಾಂಗಡೆ, ಇಸೋಣ, ತಿಸ್ರೆ ನಮ್ಮಲ್ಲೂ ಅದೇ ಕಡಲಿನದ್ದು. ವ್ಯತ್ಯಾಸ ಇರೋದು ಉಳಿಯೋ ಜಾಗ ಮತ್ತು ಉಣ್ಣೋ ಜಾಗದ ನಡುವಿನ ದೂರದಲ್ಲಿ. ಅಲ್ಲಿ ಅತಿಥಿ ಕಾರಿನ ಕೀಲಿ ಕೋಣೆಯಲ್ಲೇ ಬಿಟ್ಟು ನಡೆದು ಹೋಗುತ್ತಾನೆ. ನಡೆಯೋ ಗಿರಾಕಿ ಅಂಗಡಿ ಎದುರು ನಿಲ್ಲುತ್ತಾನೆ, ಕಾರಲ್ಲಿ ಹೋಗೋನು ನಿಲ್ಲೋದಿಲ್ಲ.

ದುಡ್ಡಿನ ಲೆಕ್ಕ

ಅರ್ಥ ಆಗಲಿ ಅಂತ ಒಂದು ಲೆಕ್ಕ ಹಾಕೋಣ. ಇದು ಯಾವ ಹೋಟೆಲಿನ ವಹಿವಾಟೂ ಅಲ್ಲ, ಹಿಡಿದುಕೊಂಡ ಅಂಕಿ ಅಷ್ಟೇ. 20 ಕೋಣೆಯ ವಸತಿಗೃಹ ತುಂಬಿದರೆ 40 ಜನ. ಮಧ್ಯಾಹ್ನ, ರಾತ್ರಿ ಎರಡು ಹೊತ್ತು ಹೊರಗೆ ಉಂಡರೆ 80 ಊಟ. ಊಟಕ್ಕೆ 400 ರೂಪಾಯಿ ಅಂದರೂ ದಿನಕ್ಕೆ 32,000 ರೂಪಾಯಿ ಓಣಿಗೆ ಬರುತ್ತದೆ. ಅರ್ಧ ಕೋಣೆ ಖಾಲಿ ಇದ್ದರೂ 16,000. ಇದರ ಮೇಲೆ ಬೇಕರಿ, ಇಸ್ತ್ರಿಯವ, ಬಾಡಿಗೆ ಸ್ಕೂಟರ್, ಗೋಡಂಬಿ ಅಂಗಡಿ.

ದೊಡ್ಡ ರೆಸಾರ್ಟ್‌ನಲ್ಲಿ ಇದೇ 40 ಜನ ಬಂದರೆ ತಿಂಡಿ, ಊಟ, ಆಟ ಎಲ್ಲ ಕಾಂಪೌಂಡ್ ಒಳಗೇ. ಗೇಟಿನ ಹೊರಗಿನ ಅಂಗಡಿಗೆ ಸಿಗೋದು ಒಂದು ಬಾಟಲಿ ನೀರಿನ ವ್ಯಾಪಾರ.

ನಮ್ಮ ರಾಜ್ಯದ ಪಾಲೂ ಇದರಲ್ಲಿದೆ. ಗೋವಾದ ಅಡುಗೆಮನೆಗೆ ತರಕಾರಿ ಬಹುಪಾಲು ಹೋಗುವುದು ಬೆಳಗಾವಿಯಿಂದ. ಸರಕು ಕಳಿಸೋದು ನಾವು, ಅದನ್ನು ತಟ್ಟೆಗೆ ಹಾಕಿ ಹೆಚ್ಚಿನ ಲಾಭ ಮಾಡೋದು ಅವರು.

ಜಿಎಸ್‌ಟಿ ಎಲ್ಲಿ ಬರುತ್ತದೆ?

ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿವರೆಗೆ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. ಗಿರಾಕಿಗೆ ಇದು ಲಾಭ. ಮಾಲೀಕರಿಗೆ ಒಂದು ತೊಡಕಿದೆ: ಈ ಶೇ 5ರ ದರದಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗೋದಿಲ್ಲ. ಅಂದರೆ ಬಣ್ಣ, ಹಾಸಿಗೆ, ಎ.ಸಿ. ಖರೀದಿ ಮಾಡುವಾಗ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆದುಕೊಳ್ಳಲು ಆಗೋದಿಲ್ಲ. ವರ್ಷ ವರ್ಷ ರಿಪೇರಿ ಕೇಳುವ ಹಳೇ ಮನೆಗೆ ಇದು ಸಣ್ಣ ಖರ್ಚಲ್ಲ.

ಬಾಡಿಗೆ 7,500 ದಾಟಿದರೆ ಶೇ 18. ಅಷ್ಟೇ ಅಲ್ಲ, ಹಿಂದಿನ ಆರ್ಥಿಕ ವರ್ಷದಲ್ಲಿ ಒಂದೇ ಒಂದು ಕೋಣೆಯನ್ನು ಆ ಮಿತಿಗಿಂತ ಹೆಚ್ಚಿಗೆ ಕೊಟ್ಟಿದ್ದರೂ ಆ ಹೋಟೆಲ್ ಒಳಗಿನ ರೆಸ್ಟೋರೆಂಟ್ ಊಟಕ್ಕೂ ಶೇ 18 ಹಾಕಬೇಕಾಗುತ್ತದೆ. ಈ ನಿಯಮ 2025ರ ಏಪ್ರಿಲ್ 1ರಿಂದ ಇದೆ. ಹೊರಗಿನ ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಮಾತ್ರ ಶೇ 5. ಹೀಗಾಗಿ ದುಬಾರಿ ಹೋಟೆಲಿನ ಅತಿಥಿಯೂ ಬಿಲ್ ನೋಡಿ ರಸ್ತೆಗೆ ಇಳಿದರೆ ಆಶ್ಚರ್ಯ ಇಲ್ಲ.

ಓಣಿಯವರ ಕಷ್ಟ

ಎಲ್ಲಾ ಚೆನ್ನಾಗಿದೆ ಅಂತ ಅಲ್ಲ. ಫೊಂಟೈನ್ಹಾಸ್‌ನಲ್ಲಿ ಇವತ್ತಿಗೂ ಸಂಸಾರಗಳಿವೆ. ಬೆಳಗಾದರೆ ಮನೆ ಬಾಗಿಲಲ್ಲಿ ಯಾರೋ ಪ್ರೀ-ವೆಡ್ಡಿಂಗ್ ಫೋಟೊ ತೆಗೆಸಿಕೊಳ್ಳುತ್ತಾ ನಿಂತಿರುತ್ತಾರೆ. ಮೆಟ್ಟಿಲ ಮೇಲೆ ಕೂರ್ತಾರೆ, ಕಿಟಕಿ ಒಳಗೆ ಇಣುಕ್ತಾರೆ. ರಾತ್ರಿ ಗದ್ದಲ, ಪಾರ್ಕಿಂಗ್ ಜಗಳ. ಬೇಸತ್ತ ಕೆಲವರು ಫೋಟೊ ತೆಗೆಯಬೇಡಿ ಅಂತ ಗೋಡೆಗೆ ಬೋರ್ಡ್ ಹಾಕಿದ್ದಾರೆ. ಸ್ಮಾರ್ಟ್ ಸಿಟಿ ಕೆಲಸಕ್ಕೆ ಪಣಜಿಯ ರಸ್ತೆಗಳನ್ನು ಅಗೆದಾಗ ದೂಳು ತಿಂದವರೂ ಇವರೇ, ಗಿರಾಕಿ ಕಳಕೊಂಡವರೂ ಇವರೇ.

ಮನೆ ಒಂದೊಂದಾಗಿ ಕೆಫೆ, ಲಾಡ್ಜ್ ಆಗುತ್ತಾ ಹೋದರೆ ವಾಸ ಮಾಡೋರು ಕಡಿಮೆಯಾಗುತ್ತಾರೆ. ವಾಸ ಮಾಡೋರೇ ಇಲ್ಲದಿದ್ದರೆ ಉಳಿಯೋದು ಬಣ್ಣ ಹೊಡೆದ ಗೋಡೆ ಮಾತ್ರ. ಬೆಳಿಗ್ಗೆ ಪಾವ್ ತಗೊಳ್ಳೋ ಮನೆಯವರು ಇಲ್ಲದೆ ಬೇಕರಿ ಮಳೆಗಾಲ ದಾಟೋದು ಕಷ್ಟ. ಪ್ರವಾಸಿ ಬರೋದು ಸೀಸನ್‌ಗೆ, ನೆರೆಮನೆಯವ ಬರೋದು ದಿನಾ. ಇದನ್ನು ಮರೆತ ಊರು ಆಮೇಲೆ ಪಶ್ಚಾತ್ತಾಪ ಪಡುತ್ತದೆ.

ನಮ್ಮ ಕಡೆ ಆಗುತ್ತಾ?

ಹೇಳೋದಕ್ಕೆ ಕಥೆ ನಮ್ಮಲ್ಲೂ ಕಡಿಮೆ ಇಲ್ಲ. ರವೀಂದ್ರನಾಥ ಟ್ಯಾಗೋರ್ 1883ರಲ್ಲಿ ಕಾರವಾರದಲ್ಲಿದ್ದರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಅವರು ಇಲ್ಲೇ ಒಂದು ನಾಟಕವನ್ನೂ ಬರೆದರು. ಸದಾಶಿವಗಡದ ಕೋಟೆ ಇದೆ, ಕಾಳಿ ನದಿ ಇದೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಬೀಚ್ ನೋಡಿದವನಿಗೆ ಮುಂದೆ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಅಂತ ಹೇಳೋರಿಲ್ಲ. ಹಂಚಿನ ಮನೆಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿವೆ.

ಹಳೇ ಮನೆ ಇರೋರು ಮೊದಲು ನೋಡಬೇಕಾದ್ದು ಕಾಗದಪತ್ರ. ಪಾಲುದಾರರ ಒಪ್ಪಿಗೆ ಇಲ್ಲದೆ ಹೊರಟರೆ ಕೋರ್ಟ್ ಖಚಿತ. ಹೋಮ್‌ಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು. ಲಾಡ್ಜ್ ಆದರೆ ನಗರಸಭೆ ಅಥವಾ ಪಂಚಾಯಿತಿ ಪರವಾನಗಿ, ಊಟ ಕೊಟ್ಟರೆ ಎಫ್‌ಎಸ್‌ಎಸ್‌ಎಐ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಮನೆ ಕಡಲಿಗೋ ನದಿಗೋ ಹತ್ತಿರ ಇದ್ದರೆ ಒಂದು ಕಲ್ಲು ಇಡುವ ಮೊದಲೇ ಸಿಆರ್‌ಝಡ್ ನಿಯಮ ಕೇಳಿಕೊಳ್ಳಬೇಕು.

ಮನೆ ಇಲ್ಲದ ಅಂಗಡಿಯವರಿಗೂ ಕೆಲಸ ಇದೆ, ಅದಕ್ಕೆ ಸಾಲ ಬೇಡ. ಶೌಚಾಲಯ ಚೊಕ್ಕಟ ಇಡೋದು. ದರ ಬರೆದ ಬೋರ್ಡ್ ಹಾಕೋದು, ಹೊರಗಿನವರಿಗೆ ಒಂದು ದರ, ಊರಿನವರಿಗೆ ಒಂದು ದರ ಮಾಡದೇ ಇರೋದು. ರಾತ್ರಿ ಊಟ ಎಷ್ಟು ಹೊತ್ತಿನವರೆಗೆ ಸಿಗುತ್ತದೆ ಅಂತ ಬಾಗಿಲಲ್ಲೇ ಬರೆಯೋದು. ಲಾಡ್ಜಿನವರು ಪಕ್ಕದ ನಾಲ್ಕು ಒಳ್ಳೇ ಖಾನಾವಳಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೋಣೆಯಲ್ಲಿ ಇಟ್ಟರೆ ಖರ್ಚು ಎರಡು ರೂಪಾಯಿ.

2024ರ ಆಗಸ್ಟ್‌ನಲ್ಲಿ ಕಾಳಿಯ ಹಳೇ ಸೇತುವೆ ಕುಸಿದಾಗ ಗೋವಾ ದಾರಿಯ ಮೇಲೆ ನಮ್ಮ ಪೇಟೆ ಎಷ್ಟು ನಿಂತಿದೆ ಅಂತ ಎಲ್ಲರಿಗೂ ಗೊತ್ತಾಯಿತು. ದಾರಿ ಮೇಲಿನ ಚಹಾ ವ್ಯಾಪಾರ ದಾರಿ ಇರೋ ತನಕ ಮಾತ್ರ. ಒಂದು ರಾತ್ರಿ ಉಳಿದ ಗಿರಾಕಿ ರಾತ್ರಿ ಊಟಕ್ಕೂ, ಬೆಳಗಿನ ತಿಂಡಿಗೂ ನಮ್ಮ ಪೇಟೆಯಲ್ಲೇ ಇರುತ್ತಾನೆ.